ನಮ್ಮ ಮಿಷನ್ ಸ್ಟೇಟ್‌ಮೆಂಟ್ ಎಲ್ಲರದ್ದರ ಹಾಗೇ ಇದೆ, ಏನು ಮಾಡಲಿ?

ಪ್ರಶ್ನೆ: ನಾನು ಒಂದು ವಿಶ್ವವಿದ್ಯಾಲಯದಲ್ಲಿ ಸಹ ಪ್ರಾಧ್ಯಾಪಕಿ. ನಮ್ಮ ಮಿಷನ್ ಸ್ಟೇಟ್‌ಮೆಂಟ್ (ಸಂಸ್ಥೆ ಯಾಕಿದೆ, ಏನು ಮಾಡುತ್ತದೆ ಎಂದು ಹೇಳುವ ಧ್ಯೇಯ ಹೇಳಿಕೆ) ಹಳೆಯದಾಯಿತು, ಹೊಸದು ಬರೆಯಿರಿ ಎಂದು ಕುಲಪತಿಗಳು ಹನ್ನೊಂದು ಜನರ ಸಮಿತಿ ಮಾಡಿದ್ದಾರೆ. ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಾದರಿಗೆ ಇರಲಿ ಎಂದು ಬೇರೆ ಬೇರೆ ದೇಶಗಳ ಮೂವತ್ತು ವಿಶ್ವವಿದ್ಯಾಲಯಗಳ ಹೇಳಿಕೆಗಳನ್ನು ಓದಿದೆ. ಹೆಸರು ಮುಚ್ಚಿದರೆ ಯಾವುದು ಯಾರದು ಎಂದು ಗೊತ್ತಾಗುವುದಿಲ್ಲ. ಎರಡು ಸಭೆ ಆದ ಮೇಲೆ ನಮ್ಮ ಕರಡೂ ಹಾಗೇ ಆಗಿದೆ: “ಶೈಕ್ಷಣಿಕ ಉತ್ಕೃಷ್ಟತೆ, ನಾವೀನ್ಯತೆ ಮತ್ತು ಮೌಲ್ಯಾಧಾರಿತ ಶಿಕ್ಷಣದ ಮೂಲಕ ವಿದ್ಯಾರ್ಥಿಗಳ ಸರ್ವಾಂಗೀಣ ವಿಕಾಸವನ್ನು ಸಾಧಿಸಿ, ಜಾಗತಿಕ ಸವಾಲುಗಳನ್ನು ಎದುರಿಸಬಲ್ಲ ಸಮರ್ಥ ನಾಗರಿಕರನ್ನು ರೂಪಿಸಿ, ಸುಸ್ಥಿರ ಸಮಾಜ ನಿರ್ಮಾಣಕ್ಕೆ ಕೊಡುಗೆ ನೀಡುವುದು.”

ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೆಲಸ ಮಾಡುತ್ತಾ ಸಂಜೆ ತರಗತಿಗೆ ಬರುವವರು. ತಮ್ಮ ಮನೆಯಲ್ಲಿ ಪದವಿ ಓದುತ್ತಿರುವ ಮೊದಲಿಗರೂ ತುಂಬಾ ಇದ್ದಾರೆ. ಸುತ್ತಲಿನ ನೀರು, ಮಣ್ಣು ಪರೀಕ್ಷೆ ಮಾಡುವ ಒಳ್ಳೆಯ ಲ್ಯಾಬ್ ಇದೆ. ಇದ್ಯಾವುದೂ ಕರಡಿನಲ್ಲಿಲ್ಲ. ಸರಳವಾಗಿ ಬರೆಯೋಣ ಎಂದರೆ “ಮಾನ್ಯತೆ ಕೊಡುವವರು ಒಪ್ಪಲ್ಲ, ಗಾಂಭೀರ್ಯ ಇರಲ್ಲ” ಎನ್ನುತ್ತಾರೆ. ಒಬ್ಬರಂತೂ “ಎಐಗೆ ಹೇಳಿ ಬರೆಸಿಬಿಡಿ, ಯಾರು ಓದ್ತಾರೆ?” ಎಂದರು. ನಿಜವಾಗಿಯೂ ಯಾರೂ ಓದುವುದಿಲ್ಲವಾ? ಸರಳವಾಗಿ ಬರೆದರೆ ನಮಗೆ ತೊಂದರೆ ಆಗುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು ಭಾಷೆಯದು. ನಿಮ್ಮ ಕರಡು ನಿಮ್ಮ ವಿಶ್ವವಿದ್ಯಾಲಯದ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂಬುದು. ಇನ್ನೊಂದು ಅಪಾಯದ್ದು. ಹೇಳಬೇಕಾದ್ದನ್ನು ನೇರವಾಗಿ ಹೇಳಿದರೆ ಯಾರೋ ಆಕ್ಷೇಪ ಎತ್ತಬಹುದು ಎಂಬುದು. ಎರಡೂ ಸರಿಯಾದ ಚಿಂತೆಗಳೇ. ಆದರೆ ಎರಡನೆಯದರಲ್ಲಿ ಸ್ವಲ್ಪ ತಪ್ಪು ಕಲ್ಪನೆ ಸೇರಿಕೊಂಡಿದೆ.

ಮೊದಲಿಗೆ ಒಂದು ಮಾತು. ಈ ಹೇಳಿಕೆಗಳು ಒಂದೇ ಥರ ಇರುವುದಕ್ಕೆ ಬರೆಯುವವರ ಸೋಮಾರಿತನ ಕಾರಣ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಇಂಥ ಕರಡುಗಳನ್ನು ತಿದ್ದುವುದು ನನ್ನ ಕೆಲಸ. ನಾನು ಕಂಡದ್ದು ಬೇರೆ. ತಮ್ಮ ವಿಷಯದ ಬಗ್ಗೆ ಸೊಗಸಾಗಿ, ಸ್ಪಷ್ಟವಾಗಿ ಬರೆಯಬಲ್ಲ ಅಧ್ಯಾಪಕರೇ ಸಮಿತಿಯಲ್ಲಿ ಕೂತಾಗ “ಸರ್ವಾಂಗೀಣ ವಿಕಾಸ” ಎಂದು ಬರೆಯುತ್ತಾರೆ. ಅವರಿಗೆ ಬರೆಯಲು ಬರುವುದಿಲ್ಲ ಎಂದಲ್ಲ. ಆ ಮೇಜಿನ ಸುತ್ತ ಕೂತವರೆಲ್ಲರೂ ಒಪ್ಪುವ ವಾಕ್ಯ ಬೇಕಾಗಿರುತ್ತದೆ. ವಿಜ್ಞಾನ ವಿಭಾಗದವರಿಗೆ ಸಂಶೋಧನೆ ಇರಬೇಕು. ಮಾನವಿಕ ವಿಭಾಗದವರಿಗೆ ಮೌಲ್ಯ ಇರಬೇಕು. ಉದ್ಯೋಗ ಘಟಕದವರಿಗೆ ಕೌಶಲ ಬೇಕು. ಆಡಳಿತದವರಿಗೆ “ಜಾಗತಿಕ” ಬೇಕು. ಪ್ರತಿ ಪದಕ್ಕೂ ಒಬ್ಬ ಕಾವಲುಗಾರ ಇರುತ್ತಾರೆ. ಪದ ಸೇರಿಸಿದರೆ ಯಾರಿಗೂ ಬೇಜಾರಿಲ್ಲ, ತೆಗೆದರೆ ಒಬ್ಬರಿಗಾದರೂ ಬೇಜಾರು. ಹೀಗಾಗಿ ವಾಕ್ಯ ಬೆಳೆಯುತ್ತಲೇ ಹೋಗುತ್ತದೆ. ನಿಮ್ಮ ಕರಡನ್ನು ಮತ್ತೆ ಓದಿ ನೋಡಿ. ಯಾವ ಪದ ಯಾರ ಬಾಯಿಂದ ಬಂತು ಎಂದು ನಿಮಗೆ ನೆನಪಿಗೆ ಬರಬಹುದು.

ಎರಡನೆಯ ಕಾರಣ ಚರಿತ್ರೆಯಲ್ಲಿದೆ. ಹಳೆಯ ವಿಶ್ವವಿದ್ಯಾಲಯಗಳಿಗೆ ಮಿಷನ್ ಸ್ಟೇಟ್‌ಮೆಂಟ್ ಇರಲಿಲ್ಲ. ಸ್ಥಾಪನೆಯ ಸನ್ನದು ಇರುತ್ತಿತ್ತು, ಉದ್ದೇಶ ಅದರಲ್ಲೇ ಇರುತ್ತಿತ್ತು. ಹಾರ್ವರ್ಡ್‌ನ 1650ರ ಸನ್ನದು ಒಳ್ಳೆಯ ಸಾಹಿತ್ಯ, ಕಲೆ, ವಿಜ್ಞಾನಗಳ ಏಳಿಗೆಯ ಜತೆಗೆ ಆ ನಾಡಿನ ಇಂಗ್ಲಿಷ್ ಮತ್ತು ಇಂಡಿಯನ್ ಮೂಲನಿವಾಸಿ ಯುವಕರ ಶಿಕ್ಷಣ ಎಂದು ಹೇಳುತ್ತದೆ. ಆ ಮಾತು ಎಷ್ಟರಮಟ್ಟಿಗೆ ಉಳಿಯಿತು ಎನ್ನುವುದು ಬೇರೆ ಚರ್ಚೆ. ಆದರೆ ಯಾರಿಗೆ ಪಾಠ ಎನ್ನುವುದು ಅಲ್ಲಿತ್ತು. ಸ್ಟ್ಯಾನ್‌ಫರ್ಡ್‌ನ 1885ರ ಸ್ಥಾಪನಾ ದಾಖಲೆ ವಿದ್ಯಾರ್ಥಿಗಳನ್ನು ಅವರ ಸ್ವಂತ ಯಶಸ್ಸಿಗೂ ಬದುಕಿನಲ್ಲಿ ನೇರ ಉಪಯೋಗಕ್ಕೆ ಬರುವುದಕ್ಕೂ ತಯಾರು ಮಾಡಬೇಕು ಎನ್ನುತ್ತದೆ. ಇವೂ ದೊಡ್ಡ ಮಾತುಗಳೇ. ಆದರೆ ದುಡ್ಡು, ಜಮೀನು ಕೊಟ್ಟವರು ಇದು ಇಂಥದ್ದಕ್ಕೆ ಎಂದು ಹೇಳಿದ ಮಾತುಗಳು.

ಈಗ ನಾವು ನೋಡುವ ಹೇಳಿಕೆ ಬಂದದ್ದು ಕಂಪನಿಗಳ ಲೋಕದಿಂದ. ನಮ್ಮ ವ್ಯವಹಾರ ಏನು ಎಂದು ಪ್ರತಿ ಸಂಸ್ಥೆಯೂ ತನ್ನನ್ನು ಕೇಳಿಕೊಳ್ಳಬೇಕು ಎಂದು ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ ಒತ್ತಿ ಹೇಳುತ್ತಿದ್ದರು. ಅದು ಒಳ್ಳೆಯ ಪ್ರಶ್ನೆ. 1980ರ ದಶಕದಲ್ಲಿ ಸರ್ಕಾರಗಳು ವಿಶ್ವವಿದ್ಯಾಲಯಗಳಿಂದಲೂ ಕಂಪನಿ ಥರದ ಯೋಜನೆ ಕೇಳತೊಡಗಿದವು. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳ ಆಡಳಿತವನ್ನು ಪರಿಶೀಲಿಸಿದ 1985ರ ಜ್ಯಾರೆಟ್ ವರದಿ ಕುಲಪತಿಯನ್ನು ಮುಖ್ಯ ಕಾರ್ಯನಿರ್ವಾಹಕನಂತೆ ನೋಡಬೇಕು ಎಂದಿತು. ಮಾನ್ಯತೆ ಕೊಡುವ ಸಂಸ್ಥೆಗಳೂ ಲಿಖಿತ ಧ್ಯೇಯ ಕೇಳಿದವು. ಪ್ರಶ್ನೆ ಹಿಂದೆ ಬಿತ್ತು, ಉತ್ತರದ ನಮೂನೆ ಮಾತ್ರ ಉಳಿಯಿತು. ಎಲ್ಲರಿಗೂ ಒಂದೇ ಹೊತ್ತಿಗೆ, ಒಂದೇ ಥರದ ಹೇಳಿಕೆ ಬೇಕಾದಾಗ ಒಬ್ಬರದ್ದನ್ನು ಇನ್ನೊಬ್ಬರು ನೋಡಿ ಬರೆಯುವುದು ಸಹಜ ಅಲ್ವಾ?

ಹಾಗಂತ ಎಲ್ಲವೂ ಪೂರ್ತಿ ಒಂದೇ ಅಲ್ಲ. ಕ್ರಿಸ್ಟೊಫರ್ ಮಾರ್ಫ್ಯೂ ಮತ್ತು ಮ್ಯಾಥ್ಯೂ ಹಾರ್ಟ್ಲಿ ಎಂಬ ಸಂಶೋಧಕರು ಅಮೆರಿಕದ ಕಾಲೇಜು, ವಿಶ್ವವಿದ್ಯಾಲಯಗಳ ಹೇಳಿಕೆಗಳನ್ನು ಪರಿಶೀಲಿಸಿ 2006ರಲ್ಲಿ ಬರೆದರು. ಸರ್ಕಾರಿ ಸಂಸ್ಥೆಗಳು ತಮ್ಮ ಪ್ರದೇಶದ ಸೇವೆಯ ಮಾತು ಜಾಸ್ತಿ ಆಡುತ್ತವೆ, ಖಾಸಗಿಯವು ವಿದ್ಯಾರ್ಥಿಯ ವ್ಯಕ್ತಿತ್ವದ ಮಾತು ಜಾಸ್ತಿ ಆಡುತ್ತವೆ ಎಂದು ಅವರು ಕಂಡರು. ಅಂದರೆ ಹೇಳಿಕೆ ಬರೆಯುವವರು ಯಾರು ಓದುತ್ತಾರೆ, ಯಾರು ದುಡ್ಡು ಕೊಡುತ್ತಾರೆ ಎಂದು ನೋಡಿಯೇ ಬರೆಯುತ್ತಾರೆ.

ಈಗ ನಿಮ್ಮ ಕರಡಿಗೆ ಬರುತ್ತೇನೆ. ಅದನ್ನು ಹತ್ತಿರದಿಂದ ನೋಡೋಣ, ರೋಗ ಪೂರ್ತಿ ಅದರಲ್ಲೇ ಕಾಣುತ್ತದೆ.

ಕೊನೆಯ ಪದ “ನೀಡುವುದು”. ಯಾರು ನೀಡುವುದು? ವಾಕ್ಯದಲ್ಲಿ ಕರ್ತೃವೇ ಇಲ್ಲ. ನಡುವೆ ಸಿಗುವುದು “ಸಾಧಿಸಿ”, “ರೂಪಿಸಿ”. ಅವೂ ಯಾರ ಕೆಲಸ ಎಂದು ಹೇಳುವುದಿಲ್ಲ. ಇಂಥ ಹೇಳಿಕೆಗಳಲ್ಲಿ “ಉವುದು” ಎಂದು ಮುಗಿಯುವ ಕ್ರಿಯಾರೂಪ ತುಂಬಾ ಇಷ್ಟದ್ದು. ಯಾಕೆಂದರೆ ಅದಕ್ಕೆ ಮಾಡುವವರು ಬೇಡ, ಕಾಲ ಬೇಡ. ಇಂದು ಮಾಡುತ್ತಿದ್ದೇವೋ, ಮುಂದೆ ಮಾಡುತ್ತೇವೋ, ಸುಮ್ನೆ ಆಸೆಯೋ ಎಂದು ಹೇಳದೆ ತಪ್ಪಿಸಿಕೊಳ್ಳಬಹುದು. ಅದೇ ವಾಕ್ಯವನ್ನು “ನಾವು” ಎಂದು ಶುರು ಮಾಡಿ “ನೀಡುತ್ತೇವೆ” ಎಂದು ಮುಗಿಸಿ ನೋಡಿ. ಕೂಡಲೇ ಇಕ್ಕಟ್ಟು ಶುರುವಾಗುತ್ತದೆ. ಸುಸ್ಥಿರ ಸಮಾಜಕ್ಕೆ ನಾವು ಏನು ಕೊಡುತ್ತೇವೆ? ಆ ಇಕ್ಕಟ್ಟು ಒಳ್ಳೆಯದು. ಬರೆಯುವ ಕೆಲಸ ಅಲ್ಲಿಂದಲೇ ಶುರು.

ಆಮೇಲೆ ನಾಮಪದಗಳ ಸಾಲು. ಉತ್ಕೃಷ್ಟತೆ, ನಾವೀನ್ಯತೆ, ವಿಕಾಸ, ನಿರ್ಮಾಣ, ಕೊಡುಗೆ. ಎಲ್ಲವೂ ಗುಣ, ಕೆಲಸಗಳನ್ನು ವಸ್ತುಗಳನ್ನಾಗಿ ಮಾಡಿಬಿಟ್ಟ ಪದಗಳು. ಮನುಷ್ಯರು ಇರುವುದು ಎರಡೇ ಕಡೆ, “ವಿದ್ಯಾರ್ಥಿಗಳು” ಮತ್ತು “ನಾಗರಿಕರು”. ಅವರು ಏನೂ ಮಾಡುವುದಿಲ್ಲ. ಅವರಲ್ಲಿ ವಿಕಾಸ ಸಾಧಿಸಲಾಗುತ್ತದೆ, ಅವರನ್ನು ರೂಪಿಸಲಾಗುತ್ತದೆ. ಹಗಲಿಡೀ ದುಡಿದು ಸಂಜೆ ತರಗತಿಗೆ ಬರುವ ಒಬ್ಬ ವಿದ್ಯಾರ್ಥಿನಿ ಇದನ್ನು ಓದಿದರೆ ತನ್ನನ್ನು ಇದರಲ್ಲಿ ಎಲ್ಲಿ ಹುಡುಕಬೇಕು?

ಪದ ಪೊಳ್ಳೋ ಗಟ್ಟಿಯೋ ಎಂದು ನೋಡಲು ನಾನು ಬಳಸುವ ಉಪಾಯ ಇದು. ಅದನ್ನು ತಿರುಗಿಸಿ ಹೇಳಿ. “ನಾವು ಕಳಪೆ ಶಿಕ್ಷಣ ಕೊಡುತ್ತೇವೆ” ಎಂದು ಯಾವ ವಿಶ್ವವಿದ್ಯಾಲಯವೂ ಹೇಳುವುದಿಲ್ಲ. ಹಾಗಾಗಿ “ಉತ್ಕೃಷ್ಟ ಶಿಕ್ಷಣ” ಎನ್ನುವುದರಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಈಗ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯನ್ನು ನೋಡಿ. ಅದು ಜನರಿಗೆ, ಸ್ಥಳಗಳಿಗೆ, ವಿಧಾನಗಳಿಗೆ, ವಿಚಾರಗಳಿಗೆ ತೆರೆದಿರುವುದೇ ತನ್ನ ಧ್ಯೇಯ ಎನ್ನುತ್ತದೆ. 1969ರಲ್ಲಿ ಅದರ ಮೊದಲ ಚಾನ್ಸಲರ್ ಜೆಫ್ರಿ ಕ್ರೌಥರ್ ಆಡಿದ ಮಾತಿನಿಂದ ಬಂದದ್ದು ಇದು. ಇದರ ತಿರುಗುಮುರುಗು ಮೂರ್ಖತನವಲ್ಲ. ಆಯ್ದ ಕೆಲವರಿಗೆ ಮಾತ್ರ, ಒಂದೇ ಕ್ಯಾಂಪಸ್ಸಿನಲ್ಲಿ ಪಾಠ ಹೇಳುವ ಒಳ್ಳೆಯ ವಿಶ್ವವಿದ್ಯಾಲಯಗಳು ಎಷ್ಟೋ ಇವೆ. ಓಪನ್ ಯೂನಿವರ್ಸಿಟಿ ಅದನ್ನು ಬಿಟ್ಟು ಇದನ್ನು ಆರಿಸಿಕೊಂಡಿತು. ಮಾತಿಗೆ ತಕ್ಕ ನಿಯಮವನ್ನೂ ಇಟ್ಟಿತು. ಅಲ್ಲಿ ಪದವಿಗೆ ಸೇರಲು ಹಿಂದಿನ ಪರೀಕ್ಷೆಗಳ ಅಂಕ ಬೇಕೆಂಬ ಷರತ್ತು ಸಾಮಾನ್ಯವಾಗಿ ಇಲ್ಲ. ನಾಲ್ಕು ಸಣ್ಣ ಪದಗಳ ಹಿಂದೆ ಪ್ರವೇಶದ ನಿಯಮ, ಮನೆಗೆ ಕಳಿಸುವ ಪಾಠ, ರೇಡಿಯೊ, ಟೀವಿ ಎಲ್ಲ ಇದ್ದವು.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ವಿಶಾಲವಾದ ಪದವೆಲ್ಲ ಪೊಳ್ಳಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿಶ್ವವಿದ್ಯಾಲಯ ವ್ಯವಸ್ಥೆಯ ಧ್ಯೇಯ ಅಲ್ಲಿನ ಕಾನೂನಿನಲ್ಲೇ ಇದೆ. ಸತ್ಯದ ಹುಡುಕಾಟ, ಮನುಷ್ಯರ ಬದುಕನ್ನು ಉತ್ತಮಪಡಿಸುವುದು ಎಂಬ ಮಾತುಗಳು ಅದರಲ್ಲಿವೆ. 2015ರ ಫೆಬ್ರವರಿಯಲ್ಲಿ ಗವರ್ನರ್ ಸ್ಕಾಟ್ ವಾಕರ್ ಅವರ ಬಜೆಟ್ ಮಸೂದೆಯಲ್ಲಿ ಈ ಮಾತುಗಳನ್ನು ಗೆರೆ ಎಳೆದು ಹೊಡೆದುಹಾಕಲಾಗಿತ್ತು. ರಾಜ್ಯಕ್ಕೆ ಬೇಕಾದ ಕೆಲಸಗಾರರನ್ನು ಒದಗಿಸುವುದು ಎಂಬ ಮಾತು ಹೊಸದಾಗಿ ಸೇರಿತ್ತು. ಸುದ್ದಿ ಹೊರಬಿದ್ದ ಕೂಡಲೇ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ಪತ್ರಿಕೆಗಳು ಎಲ್ಲರೂ ಎದ್ದು ನಿಂತರು. ಅದು ಕರಡಿನ ತಪ್ಪು ಎಂದು ಹೇಳಿ ಗವರ್ನರ್ ಹಿಂದೆ ಸರಿದರು. ಹಳೆಯ ಮಾತು ಉಳಿಯಿತು.

“ಸತ್ಯದ ಹುಡುಕಾಟ” ತುಂಬಾ ವಿಶಾಲವಾದ ಮಾತು. ಆದರೂ ಅದನ್ನು ತೆಗೆಯಬೇಕು ಎನ್ನುವವರು ಇದ್ದರು, ಉಳಿಸಬೇಕು ಎಂದು ದನಿ ಎತ್ತಿದವರೂ ಇದ್ದರು. ನಿಮ್ಮ ಕರಡಿನಿಂದ “ಉತ್ಕೃಷ್ಟತೆ” ಎಂಬ ಪದವನ್ನು ಯಾರಾದರೂ ರಾತ್ರೋರಾತ್ರಿ ತೆಗೆದರೆ ಯಾರು ಜಗಳಕ್ಕೆ ಬರುತ್ತಾರೆ? ನಾನು ಕರಡು ತಿದ್ದುವಾಗ ಪ್ರತಿ ಪದಕ್ಕೂ ಇದನ್ನೇ ಕೇಳುತ್ತೇನೆ. ತೆಗೆದರೆ ನೋವಾಗುವ ಪದ ಇರಲಿ. ಉಳಿದದ್ದು ಹೋಗಲಿ. ಮಿಷನ್ ಸ್ಟೇಟ್‌ಮೆಂಟ್ ಬರೆಯುವಾಗ ಇದಕ್ಕಿಂತ ದೊಡ್ಡ ವಿಷಯ ನನ್ನ ಮಟ್ಟಿಗೆ ಇನ್ನೊಂದಿಲ್ಲ.

“ಯಾರು ಓದ್ತಾರೆ” ಎನ್ನುವವರಿಗೂ ಉತ್ತರ ಇದರಲ್ಲೇ ಸಿಗುತ್ತದೆ. ದಿನವೂ ಯಾರೂ ಓದುವುದಿಲ್ಲ, ನಿಜ. ಕಾಲೇಜು ಹುಡುಕುವ ವಿದ್ಯಾರ್ಥಿಗಳು ಶುಲ್ಕ, ಕೋರ್ಸ್, ಹಾಸ್ಟೆಲ್ ನೋಡುತ್ತಾರೆ. ಆದರೆ ಒಂದು ವಿಭಾಗ ಮುಚ್ಚುವ ಮಾತು ಬಂದಾಗ ಓದುತ್ತಾರೆ. ಸಂಜೆ ತರಗತಿ ಲಾಭ ತರುತ್ತಿಲ್ಲ ಎಂದು ಯಾರಾದರೂ ಹೇಳಿದಾಗ, ಅನುದಾನದ ಅರ್ಜಿ ಬರೆಯುವಾಗ, ಹೊಸ ಕುಲಪತಿ ಬಂದು ದಿಕ್ಕು ಬದಲಿಸಹೊರಟಾಗ ಓದುತ್ತಾರೆ. ಆಗ ಅದರಲ್ಲಿ ಹಿಡಿದುಕೊಳ್ಳಲು ಏನಾದರೂ ಇರಬೇಕು. “ಸರ್ವಾಂಗೀಣ ವಿಕಾಸ” ಎಂಬ ಮಾತನ್ನು ಮುಂದಿಟ್ಟು ಸಂಜೆ ತರಗತಿಯನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

ಮಾನ್ಯತೆಯ ಭಯದ ಬಗ್ಗೆ. ದೊಡ್ಡ ಪದ ಇದ್ದರೆ ಅಂಕ ಜಾಸ್ತಿ ಎನ್ನುವುದು ಗಾಳಿಮಾತು. ಮಾನ್ಯತೆ ಕೊಡುವವರು ಸಾಮಾನ್ಯವಾಗಿ ಕೇಳುವುದು ಬೇರೆ. ಹೇಳಿಕೆಯನ್ನು ಆಡಳಿತ ಮಂಡಳಿ ಒಪ್ಪಿದೆಯಾ? ಸಿಬ್ಬಂದಿಗೆ, ವಿದ್ಯಾರ್ಥಿಗಳಿಗೆ ಗೊತ್ತಿದೆಯಾ? ನಿಮ್ಮ ಯೋಜನೆ, ಬಜೆಟ್ ಅದಕ್ಕೆ ಹೊಂದುತ್ತದಾ? ಹೇಳಿದ್ದನ್ನು ಮಾಡಿದ್ದೀರಿ ಎನ್ನುವುದಕ್ಕೆ ದಾಖಲೆ ಎಲ್ಲಿ? ಈ ಪ್ರಶ್ನೆಗಳ ಮುಂದೆ ದೊಡ್ಡ ಪದಗಳೇ ಕಷ್ಟ ಕೊಡುತ್ತವೆ. “ಜಾಗತಿಕ ಸವಾಲುಗಳನ್ನು ಎದುರಿಸಬಲ್ಲ ನಾಗರಿಕರು” ಎನ್ನುವುದಕ್ಕೆ ಯಾವ ದಾಖಲೆ ಕೊಡುತ್ತೀರಿ? ಸಂಜೆ ತರಗತಿಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಪದವಿ ಮುಗಿಸಿದರು ಎನ್ನುವುದಕ್ಕಾದರೆ ರಿಜಿಸ್ಟರ್ ಇದೆ. ಆದರೂ ನಿಮಗೆ ಮಾನ್ಯತೆ ಕೊಡುವ ಸಂಸ್ಥೆಯ ಕೈಪಿಡಿಯನ್ನು ನೀವೇ ಒಮ್ಮೆ ಓದಿ. ವಿಷನ್ (ಮುಂದೆ ಏನಾಗಬೇಕು ಎಂಬ ಕನಸು), ಮಿಷನ್, ಕೋರ್ಸಿನ ಉದ್ದೇಶ ಮೂರನ್ನೂ ಬೇರೆ ಬೇರೆ ಬರೆಯಬೇಕು ಎಂದು ಕೆಲವರು ಕೇಳುತ್ತಾರೆ. ಆ ಚೌಕಟ್ಟನ್ನು ಪಾಲಿಸಿ. ಭಾಷೆ ಹೀಗೇ ಇರಬೇಕು ಎಂದು ಅದರಲ್ಲಿ ಬರೆದಿದೆಯಾ ಎಂದು ಸಭೆಯಲ್ಲೇ ಕೈಪಿಡಿ ತೆರೆದು ತೋರಿಸಿ.

ಗಾಂಭೀರ್ಯದ ಪ್ರಶ್ನೆಗೆ ಬಂದರೆ, ಸಮಿತಿಯವರು ಬಹುಶಃ ಹೆಸರಾಂತ ವಿಶ್ವವಿದ್ಯಾಲಯಗಳನ್ನು ತೋರಿಸುತ್ತಾರೆ. ಕೇಂಬ್ರಿಜ್‌ನ ಹೇಳಿಕೆ ಒಂದೇ ವಾಕ್ಯ. ಅತ್ಯುನ್ನತ ಅಂತಾರಾಷ್ಟ್ರೀಯ ಮಟ್ಟದ ಶಿಕ್ಷಣ, ಕಲಿಕೆ, ಸಂಶೋಧನೆಗಳ ಮೂಲಕ ಸಮಾಜಕ್ಕೆ ಕೊಡುಗೆ ಕೊಡುವುದು ಎಂಬ ಅರ್ಥದ್ದು. ಅವರಲ್ಲೂ “ಉತ್ಕೃಷ್ಟತೆ” ಇದೆ. ಆದರೆ 1209ರಿಂದ ಇರುವ ಸಂಸ್ಥೆಗೆ ತಾನು ಯಾರು ಎಂದು ಹೇಳಿಕೊಳ್ಳುವ ಅಗತ್ಯ ಕಡಿಮೆ. ಅಲ್ಲಿ ಕೆಲಸ ಮಾಡುವುದು ಹೆಸರು, ವಾಕ್ಯ ಅಲ್ಲ. ಅದೇ ವಾಕ್ಯವನ್ನು ನೀವು ಹಾಕಿಕೊಂಡರೆ ಹೆಸರು ಬರುವುದಿಲ್ಲ, ವಾಕ್ಯ ಮಾತ್ರ ಬರುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಎಲ್ಲಕ್ಕಿಂತ ಸುಲಭದ್ದು ಈಗಿರುವ ಕರಡನ್ನೇ ಸ್ವಲ್ಪ ಕತ್ತರಿಸಿ ಕಳಿಸುವುದು. ಯಾರೂ ಬೈಯುವುದಿಲ್ಲ. ಆದರೆ ಮುಂದಿನ ಸಲ ಇನ್ನೊಬ್ಬರು ಇದೇ ಪ್ರಶ್ನೆ ಹಿಡಿದು ಕೂರುತ್ತಾರೆ. ಎಐಯಿಂದ ಬರೆಸುವುದೂ ಬಹುಪಾಲು ಇದೇ ದಾರಿ. ಅದು ಓದಿಕೊಂಡದ್ದು ಇಂಥ ಹೇಳಿಕೆಗಳನ್ನೇ. ಬರೀ “ಮಿಷನ್ ಸ್ಟೇಟ್‌ಮೆಂಟ್ ಬರೆದುಕೊಡು” ಎಂದರೆ ನೀವು ಓದಿದ ಮೂವತ್ತರ ಸರಾಸರಿಯನ್ನು ಚೆಂದದ ವ್ಯಾಕರಣದಲ್ಲಿ ಕೊಡುತ್ತದೆ. ನಿಮ್ಮ ಸಂಜೆ ತರಗತಿ ಅದಕ್ಕೆ ಗೊತ್ತಿಲ್ಲ. ಏನು ಹೇಳಬೇಕು ಎಂದು ನೀವು ತೀರ್ಮಾನಿಸಿದ ಮೇಲೆ ಉದ್ದ ಕಡಿಮೆ ಮಾಡಲು ಬೇಕಾದರೆ ಬಳಸಿ.

ಒಂದೇ ಚಿಕ್ಕ ವಾಕ್ಯದ ಹೇಳಿಕೆ ಇನ್ನೊಂದು ದಾರಿ. ನೆನಪಿನಲ್ಲಿ ಉಳಿಯುತ್ತದೆ. ಅಪಾಯ ಏನೆಂದರೆ ಚಿಕ್ಕದಾಗುತ್ತಾ ಅದು ಜಾಹೀರಾತಿನ ಸಾಲು ಆಗಿಬಿಡುತ್ತದೆ. ವಿವರ ಹೇಳುವ ಇನ್ನೊಂದು ಪುಟ ಅದರ ಜತೆಗೆ ಬೇಕೇ ಬೇಕು.

ನಿಮ್ಮ ಪತ್ರ ಓದಿದ ಮೇಲೆ ನಾನು ಹೇಳುವುದು ಮೂರನೆಯದನ್ನು. ಯಾರಿಗಾಗಿ, ಏನು ಮಾಡುತ್ತೀರಿ ಎಂದು ಮೂರು ನಾಲ್ಕು ವಾಕ್ಯಗಳಲ್ಲಿ ನೇರವಾಗಿ ಬರೆಯಿರಿ. ನೀವು ಕೊಟ್ಟ ವಿವರ ಇಟ್ಟುಕೊಂಡು ಬರೆದರೆ ಹೀಗೆ ಬರಬಹುದು:

“ಕೆಲಸ ಮಾಡುತ್ತಾ ಓದುವವರಿಗೆ, ಮನೆಯಲ್ಲಿ ಮೊದಲ ಬಾರಿಗೆ ಪದವಿಗೆ ಬಂದವರಿಗೆ ನಾವು ಪಾಠ ಹೇಳುತ್ತೇವೆ. ಅವರು ಓದು ಮುಗಿಸುವವರೆಗೂ ಜತೆಗಿರುತ್ತೇವೆ. ನಮ್ಮ ಸುತ್ತಲಿನ ನೀರು, ಮಣ್ಣು, ಬದುಕಿನ ಬಗ್ಗೆ ಸಂಶೋಧನೆ ಮಾಡಿ, ಕಂಡದ್ದನ್ನು ಇಲ್ಲಿನ ಜನರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸುತ್ತೇವೆ.”

ಇದರಲ್ಲಿ ಅಪಾಯ ಇಲ್ಲ ಎಂದು ನಾನು ಹೇಳುವುದಿಲ್ಲ, ಅಪಾಯ ಇದೆ. ಮೊದಲನೆಯದು, ಬಿಟ್ಟುಹೋದವರ ಬೇಸರ. ಹಗಲು ತರಗತಿಯವರು, ಕಲಾ ವಿಭಾಗದವರು ನಾವೆಲ್ಲಿ ಎಂದು ಕೇಳುತ್ತಾರೆ. ಅದಕ್ಕೇ ನಾನು “ಬದುಕು” ಎಂಬ ಪದ ಸೇರಿಸಿದೆ. ಸಮಾಜಶಾಸ್ತ್ರ, ಸಾಹಿತ್ಯ, ಇತಿಹಾಸ ಅದರಲ್ಲಿ ಬರುತ್ತವೆ. ಎರಡನೆಯದು ಇನ್ನೂ ಗಟ್ಟಿ ಅಪಾಯ. “ಜತೆಗಿರುತ್ತೇವೆ” ಎಂದು ಬರೆದ ಮರುದಿನವೇ ಒಬ್ಬ ವಿದ್ಯಾರ್ಥಿ ಕೇಳುತ್ತಾನೆ: ಹಾಗಾದರೆ ನಾನು ಬರುವ ಹೊತ್ತಿಗೆ ಲೈಬ್ರರಿ ಯಾಕೆ ಮುಚ್ಚಿರುತ್ತದೆ? ಶುಲ್ಕ ಕಟ್ಟುವ ಕೌಂಟರ್ ಸಂಜೆ ಯಾಕೆ ಇಲ್ಲ? ಆ ಪ್ರಶ್ನೆಗೆ ಉತ್ತರ ಇರಬೇಕು. ಹಾಗಾಗಿ ಈ ಸಾಲನ್ನು ಆಡಳಿತ ಮಂಡಳಿಗೆ ಕಳಿಸುವ ಮುಂಚೆ ಕುಲಸಚಿವರಿಗೂ ಹಣಕಾಸು ಅಧಿಕಾರಿಗೂ ತೋರಿಸಿ. “ಇದನ್ನು ನಡೆಸಿಕೊಡಲು ಆಗುತ್ತದಾ?” ಎಂದು ಕೇಳಿ. ಆಗುವುದಿಲ್ಲ ಎಂದರೆ ಸಾಲನ್ನು ತೆಗೆಯಿರಿ. ನಡೆಸಿಕೊಡಲಾಗದ ಭರವಸೆ ಪೊಳ್ಳು ಪದಕ್ಕಿಂತ ಕೆಟ್ಟದ್ದು. ಮೂರನೆಯದು, ಇಂಥ ಹೇಳಿಕೆ ಬೇಗ ಹಳೆಯದಾಗಬಹುದು. ಲ್ಯಾಬ್ ಬದಲಾಗಬಹುದು, ವಿದ್ಯಾರ್ಥಿಗಳು ಬದಲಾಗಬಹುದು. ಅಂಕಿ, ಕೋರ್ಸಿನ ಹೆಸರು, ಗಡುವು ಇವನ್ನು ಯೋಜನೆಯ ಪುಟಕ್ಕೆ ಬಿಡಿ. ಕೆಲವು ವರ್ಷಗಳಿಗೊಮ್ಮೆ ತೆಗೆದು ನೋಡುತ್ತೇವೆ ಎಂದು ನಡಾವಳಿಯಲ್ಲೇ ಬರೆಸಿ.

ಹೇಳಿಕೆ ಬದಲಾದರೆ ವಿಶ್ವವಿದ್ಯಾಲಯ ಸುಧಾರಿಸುತ್ತದೆ ಎಂದು ಮಾತ್ರ ಯಾರಿಗೂ ಮಾತು ಕೊಡಬೇಡಿ. ಒಳ್ಳೆಯ ವಾಕ್ಯ ಅಧ್ಯಾಪಕರ ಖಾಲಿ ಹುದ್ದೆ ತುಂಬುವುದಿಲ್ಲ.

ಸಮಿತಿಯನ್ನು ನಡೆಸುವ ಬಗ್ಗೆ ನನ್ನ ಅನುಭವದಿಂದ ಒಂದಿಷ್ಟು. ಹನ್ನೊಂದು ಜನ ಕೂತು ಏನು ಹೇಳಬೇಕು ಎಂದು ತೀರ್ಮಾನಿಸಬಹುದು. ಹನ್ನೊಂದು ಜನ ಕೂತು ವಾಕ್ಯ ಬರೆಯಲು ಆಗುವುದಿಲ್ಲ. ಮುಂದಿನ ಸಭೆಯಲ್ಲಿ ಕರಡನ್ನು ಪರದೆ ಮೇಲೆ ಹಾಕಲೇಬೇಡಿ. ಅದು ಕಂಡರೆ ಎಲ್ಲರೂ ಪದ ತಿದ್ದಲು ಶುರು ಮಾಡುತ್ತಾರೆ. ಅದರ ಬದಲು ಒಂದೊಂದು ಚೀಟಿ ಕೊಟ್ಟು ಎರಡು ಪ್ರಶ್ನೆ ಕೇಳಿ. ನಾವು ನಾಳೆ ಬಾಗಿಲು ಹಾಕಿದರೆ ಯಾರಿಗೆ ಕಷ್ಟ ಆಗುತ್ತದೆ? ಬೇರೆಯವರು ಮಾಡುವ ಯಾವ ಕೆಲಸವನ್ನು ನಾವು ಬೇಕೆಂದೇ ಮಾಡುವುದಿಲ್ಲ? ಎರಡನೆಯ ಪ್ರಶ್ನೆಗೆ ಉತ್ತರ ತಡವಾಗಿ ಬರುತ್ತದೆ, ಆದರೆ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಚೀಟಿಗಳನ್ನು ಓದಿ, ಒಪ್ಪಿಗೆಯಾದ ಮೂರು ನಾಲ್ಕು ವಿಷಯಗಳನ್ನು ನಡಾವಳಿಯಲ್ಲಿ ಬರೆಸಿ. ಆಮೇಲೆ ಬರೆಯುವ ಪೆನ್ನು ಒಬ್ಬರ ಕೈಯಲ್ಲೇ ಇರಲಿ, ಅಂದರೆ ನಿಮ್ಮ ಕೈಯಲ್ಲಿ. ಯಾರಾದರೂ ಹೊಸ ಪದ ಸೇರಿಸಿ ಎಂದರೆ ನಡಾವಳಿಯ ಯಾವ ವಿಷಯಕ್ಕೆ ಎಂದು ಕೇಳಿ. ಜಗಳ ಆಡಬೇಕಾಗಿಲ್ಲ.

ಕರಡು ಆದ ಮೇಲೆ ನೀವು ಓದಿದ ಮೂವತ್ತರಲ್ಲಿ ನಾಲ್ಕನ್ನು ತೆಗೆದು, ಹೆಸರು ಅಳಿಸಿ, ನಿಮ್ಮದನ್ನು ಅವುಗಳ ನಡುವೆ ಸೇರಿಸಿ. ಕಚೇರಿ ಸಿಬ್ಬಂದಿಗೆ, ಒಂದು ಸಂಜೆ ತರಗತಿಗೆ ಕೊಡಿ. ಇದರಲ್ಲಿ ನಮ್ಮದು ಯಾವುದು ಎಂದು ಕೇಳಿ. ಹೆಚ್ಚಿನವರು ಗುರುತಿಸಿದರೆ ಸಮಿತಿಯಲ್ಲಿ ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ, ಆ ಹಾಳೆಗಳನ್ನೇ ಮುಂದಿಡಿ. ಗುರುತಿಸಲಿಲ್ಲ ಎಂದರೆ ಯಾವ ಸಾಲಿನಿಂದ ಅನುಮಾನ ಬಂತು ಎಂದು ಅವರನ್ನೇ ಕೇಳಿ ತಿದ್ದಿ.

ಕುಲಪತಿಗಳಿಗೆ “ವಿಶ್ವದರ್ಜೆ” ಎಂಬ ಪದ ಇರಲೇಬೇಕು ಎಂದಾದರೆ ಅದನ್ನು ವಿಷನ್ ಭಾಗಕ್ಕೆ ಹಾಕಿ. ಮುಂದೆ ಏನಾಗಬೇಕು ಎಂಬ ಆಸೆಗೆ ಅಲ್ಲಿ ಜಾಗ ಇದೆ. ಮಿಷನ್‌ನಲ್ಲಿ ಮಾತ್ರ ಈಗ ಮಾಡುತ್ತಿರುವ ಕೆಲಸ ಇರಲಿ ಎಂದು ವಿನಯದಿಂದ ಹೇಳಿ. ಜತೆಗೆ ನಿಮ್ಮ ಲ್ಯಾಬಿನ ಒಂದು ವರದಿಯನ್ನೂ ಸಂಜೆ ತರಗತಿಯ ಹಾಜರಿ ಪಟ್ಟಿಯನ್ನೂ ಅವರ ಮುಂದಿಡಿ.